ಆಂಟೆನಾ ಮೇಲೆ ಕವುಚಿದ ಪಾತ್ರೆ

ಓದಿ ಮುಗಿಸಿದ ಮೇಲೆ ನನ್ನನ್ನು ಬೈಯಬೇಡಿ... ಇದು ಮನಸ್ಸು ಹಗುರ ಮಾಡುವ ಕಥೆ ಅಲ್ಲ.

ಕುಂದಾಪುರ ಕಡೆಯ ಒಂದು ಮೀನುಗಾರಿಕೆ ಬಂದರು. ಅಲ್ಲಿ ಸುಧಾಕರ ಅಂತ ಒಬ್ಬ ಬೋಟ್ ಮಾಲೀಕ. ಅವನ ಬೋಟ್ ನಡೆಸುವ ತಾಂಡೇಲ ಬೇರೆ ಯಾರೂ ಅಲ್ಲ, ಸ್ವಂತ ತಂಗಿ ಜಲಜಳ ಗಂಡ ಶೀನ.

ಬಂದರಿನವರಿಗೆ ಒಂದು ಅಭ್ಯಾಸ... ಮೀನು ಸಿಕ್ಕ ಜಾಗ ಯಾವುದು ಅಂತ ಯಾರೂ ಬಾಯಿ ಬಿಡುವುದಿಲ್ಲ.

ವೈರ್‌ಲೆಸ್‌ನಲ್ಲಿ ಯಾರಾದರೂ ವಿಚಾರಿಸಿದರೆ, ಬಲೆ ತುಂಬಿ ಹರಿಯುವ ಹಾಗಿದ್ದರೂ "ಎಂತದೂ ಇಲ್ಲೆ ಮಾರಾಯ, ಬರೀ ನೀರ್" ಅನ್ನುವುದು. ಕೇಳಿದವನಿಗೂ ಅದು ಸುಳ್ಳು ಅಂತ ಗೊತ್ತು. ನಕ್ಕು ಬಿಟ್ಟುಬಿಡುತ್ತಾನೆ.

ಸುಧಾಕರನಿಗೆ ಮಾತ್ರ ಅದರ ಹುಚ್ಚೇ ಹಿಡಿದಿತ್ತು.

ಆ ವರ್ಷ ಮೀನುಗಾರಿಕೆ ಇಲಾಖೆಯವರು ಎಲ್ಲ ಬೋಟ್‌ಗಳಿಗೂ ಒಂದೊಂದು ಪೆಟ್ಟಿಗೆ ಹಾಕಿದರು. ಅದರ ಆಂಟೆನಾ ನೇರವಾಗಿ ಉಪಗ್ರಹದ ಜೊತೆ ಮಾತಾಡುತ್ತದೆ. ಮೊಬೈಲ್ ಟವರ್ ಸಿಗದ ನಡುಗಡಲಿನಲ್ಲೂ ಬಿರುಗಾಳಿಯ ಮೆಸೇಜ್ ಕನ್ನಡದಲ್ಲೇ ಬರುತ್ತದೆ.

ಅಪಾಯ ಬಂದರೆ ಕೆಂಪು ಬಟನ್ ಒತ್ತಿದರೆ ಸಾಕು... ಬೋಟ್ ಎಲ್ಲಿದೆ ಅಂತ ದಡದ ಆಫೀಸಿಗೆ ಗೊತ್ತಾಗುತ್ತದೆ.

ಉಳಿದವರೆಲ್ಲ ಸದ್ಯ ಬದುಕಿದೆವು ಅಂದುಕೊಂಡರು. ಸುಧಾಕರ ಅಂದುಕೊಂಡದ್ದೇ ಬೇರೆ.

"ನನ್ ಬೋಟ್ ಎಲ್ಲಿತ್ತ್ ಅಂತ ಆಫೀಸಿಗ್ ಗೊತ್ತಾದ್ರೆ, ನಾಳೆ ಇಡೀ ಬಂದರಿಗ್ ಗೊತ್ತಾತ್ತ್."

ಪೆಟ್ಟಿಗೆ ಬಿಚ್ಚಿದರೆ ತಪಾಸಣೆಯಲ್ಲಿ ಸಿಕ್ಕಿಬೀಳುತ್ತಾನಲ್ಲ... ಅದಕ್ಕೆ ಮನೆಯಿಂದ ಒಂದು ದಪ್ಪ ಅಲ್ಯೂಮಿನಿಯಂ ಪಾತ್ರೆ ತಂದು ಆಂಟೆನಾ ಮೇಲೆ ಕವುಚಿ ಹಗ್ಗ ಬಿಗಿದ. ಅದು ಅಡ್ಡ ಇದ್ದರೆ ಸಿಗ್ನಲ್ ಹೋಗುವುದಿಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಇದೆಂತಕ್ಕೆ ಭಾವ?" ಶೀನ ಕೇಳಿದ.

"ನೀರ್ ಒಳಗ್ ಹೋದ್ರೆ ಮೆಷಿನ್ ಸುಟ್ಟ್ ಹೋತ್ತ್. ಮಳೆ ಬಂದ್ರಂತೂ ತೆಗೀಲೇಬೇಡ. ಪಾತ್ರೆ ಇದ್ರೂ ಅದ್ ಕೆಲ್ಸ ಮಾಡತ್ತ್."

ಶೀನ ನಂಬಿದ. ಹೆಂಡತಿಯ ಅಣ್ಣ ಹೇಳಿದ ಮೇಲೆ ಎರಡನೇ ಮಾತು ಆಡುವ ಮನುಷ್ಯ ಅಲ್ಲ ಅವನು. ಮೆಸೇಜ್ ಬಾರದಿದ್ದರೆ ಕಡಲು ಶಾಂತವಾಗಿದೆ ಅಂತಲೇ ತಿಳಿದುಕೊಂಡ, ಪಾಪ.

ಡಿಸೆಂಬರಿನ ಒಂದು ಬೆಳಿಗ್ಗೆ ಒಂಬತ್ತಕ್ಕೆ ಎಲ್ಲ ಬೋಟ್‌ಗಳಿಗೂ ಮೆಸೇಜ್ ಹೋಯಿತು... ಭಾರಿ ಬಿರುಗಾಳಿ, ತಕ್ಷಣ ಹಿಂತಿರುಗಿ.

ಮಧ್ಯಾಹ್ನ ಮೂರರೊಳಗೆ ಎಲ್ಲವೂ ದಡ ಸೇರಿದವು. ಶೀನನ ಬೋಟ್ ಒಂದನ್ನು ಬಿಟ್ಟು. ವೈರ್‌ಲೆಸ್ ಮುಟ್ಟುವಷ್ಟು ಹತ್ತಿರ ಬೇರೆ ಯಾರೂ ಇರಲಿಲ್ಲ, ಅವನು ಹೋಗಿದ್ದು ಸುಧಾಕರನ ಗುಟ್ಟಿನ ಜಾಗಕ್ಕೆ.

ಸುಧಾಕರ ಆಫೀಸಿಗೆ ಓಡಿದ. ಹಿಂದೆಯೇ ಜಲಜ. ಒಳಗೆ ಬೇರೆ ಮಾಲೀಕರೆಲ್ಲ ಸೇರಿದ್ದರು.

ಕಂಪ್ಯೂಟರ್ ಮುಂದೆ ಕೂತಿದ್ದ ಮೇಡಂ ಹೇಳಿದರು, "ನಿಮ್ಮ ಬೋಟ್ ಒಂದು ಸಲವೂ ಕಾಣಿಸಿಲ್ಲ. ಹುಡುಕುವ ಹಡಗು ರೆಡಿ ಇದೆ, ಯಾವ ಕಡೆ ಕಳಿಸಲಿ?"

ಸುಧಾಕರ ಸುತ್ತ ನೋಡಿದ. ಎಲ್ಲ ಮಾಲೀಕರ ಕಿವಿಯೂ ಅವನ ಬಾಯಿಯ ಕಡೆಗೇ ಇತ್ತು.

ಅವನ ಬೋಟ್ ಇದ್ದದ್ದು ದಕ್ಷಿಣಕ್ಕೆ... ಬಾಯಿಂದ ಬಂದದ್ದು "ಉತ್ತರಕ್ಕೆ".

ಏಳು ಜನರ ಜೀವ ಕಡಲಲ್ಲಿ ತೂಗಾಡುತ್ತಿದೆ, ಇವನಿಗೆ ಮೀನಿನ ಜಾಗದ ಚಿಂತೆ. ಇಂಥವರಿಗೆ ಏನು ಹೇಳಬೇಕು ನೀವೇ ಹೇಳಿ.

ಹಡಗು ಉತ್ತರಕ್ಕೆ ಹೋಯಿತು.

ಮುಕ್ಕಾಲು ಗಂಟೆ ಕಳೆದು ಮಾಲೀಕರು ಚಹಾಕ್ಕೆ ಹೊರಗೆ ಹೋದ ಮೇಲೆ, ಅವನು ಮೇಡಂ ಹತ್ತಿರ ಬಗ್ಗಿ ನಿಜವಾದ ಜಾಗ ಪಿಸುಗುಟ್ಟಿದ. "ಯಾರಿಗೂ ಹೇಳ್ಬೇಡಿ ಮೇಡಂ..."

ಮೇಡಂ ಅವನ ಮುಖವನ್ನೇ ನೋಡಿದರು. "ಇದನ್ನು ಮುಚ್ಚಿಟ್ಟಿರಾ? ಹೊರಗಿನ ಬೋರ್ಡ್ ನೋಡಿ. ಎಲ್ಲೆಲ್ಲಿ ಮೀನು ಸಿಗಬಹುದು ಅಂತ ಉಪಗ್ರಹದಿಂದ ನಮಗೆ ದಿನಾ ಮಾಹಿತಿ ಬರುತ್ತೆ. ಮೂರು ದಿನದಿಂದ ಇದೇ ಜಾಗ ಬರೆದಿದ್ದೇವೆ. ದೂರ ಅಂತ ಯಾರೂ ಹೋಗಲಿಲ್ಲ, ಅಷ್ಟೇ."

ಹಡಗನ್ನು ತಿರುಗಿಸಿದರು... ಅದು ಆ ಜಾಗ ಮುಟ್ಟುವಷ್ಟರಲ್ಲಿ ಬೆಳಕು ಹೋಗಿತ್ತು.

ಬೋಟ್ ಮುಳುಗಿಹೋಗಿತ್ತು. ಮಾರನೇ ಬೆಳಿಗ್ಗೆ ಬಲೆಯ ತೇಲುಬುಂಡೆಗಳನ್ನು ಅಪ್ಪಿಕೊಂಡಿದ್ದ ಆರು ಜನ ಸಿಕ್ಕಿದರು.

ಶೀನ ಸಿಗಲಿಲ್ಲ. ಇವತ್ತಿಗೂ ಸಿಕ್ಕಿಲ್ಲ.

ಆಸ್ಪತ್ರೆಯಲ್ಲಿ, ಬದುಕಿ ಬಂದ ಚಂದ್ರ ಅನ್ನುವವನ ಮಂಚದ ಹತ್ತಿರ ಜಲಜ ನಿಂತಿದ್ದಳು. ಪಕ್ಕದಲ್ಲಿ ಸುಧಾಕರ.

"ಕೆಂಪ್ ಬಟನ್ ಒತ್ಲಿಲ್ಯಾ ಅವ್ರ್?" ಜಲಜ ಕೇಳಿದಳು.

"ಒತ್ತಿರ್ ಅಕ್ಕ. ಮತ್ತೂ ಮತ್ತೂ ಒತ್ತಿರ್. ಆಂಟೆನಾ ಮೇಲಿನ ಪಾತ್ರೆ ತೆಗ್ದ್ ಕಾಂಬ ಅಂತ ನಾನ್ ಹೇಳ್ದೆ... 'ಬೇಡ, ಮಳೆ ನೀರ್ ಹೋದ್ರೆ ಮೆಷಿನ್ ಸುಟ್ಟ್ ಹೋತ್ತ್, ಭಾವ ಹೇಳಿರ್' ಅಂದ್ರ್."

ಚಂದ್ರ ಮುಖ ಒರೆಸಿಕೊಂಡು ಮುಂದುವರಿಸಿದ.

"ಗಾಳಿಗೆ ಹಗ್ಗ ತುಂಡಾಯ್ತ್ ಅಕ್ಕ. ಪಾತ್ರೆ ಹಾರಿ ಹೋಪುದ್ ಬೇಡ ಅಂತ ಶೀನಣ್ಣ ಮೇಲೆ ಹತ್ತಿ, ಅದನ್ನ ಎರಡೂ ಕೈಯಲ್ಲಿ ಒತ್ತಿ ಹಿಡ್ಕಂಡ್ ಕೂತಿದ್ರ್. ದೊಡ್ಡ ತೆರೆ ಬಂದ್ ಬೋಟ್ ಮಗುಚಿ ಹಾಕಿ, ಪಾತ್ರೆ ಸಮೇತ ಅವ್ರನ್ನ ಎಳ್ಕಂಡ್ ಹೋಯ್ತ್."

ಅರ್ಥ ಆಯಿತಾ...? ಅದು ಹಾರಿ ಹೋಗಿದ್ದರೆ ಸಿಗ್ನಲ್ ಹೋಗುತ್ತಿತ್ತು. ಎಲ್ಲರೂ ಬದುಕುತ್ತಿದ್ದರು.

ಜಲಜಳಿಗೂ ಅರ್ಥವಾಗಿತ್ತು. ಬೋಟ್ ಯಾಕೆ ಕಾಣಿಸಲಿಲ್ಲ ಅಂತ ಕೇಳಿದ್ದಕ್ಕೆ, ಆಂಟೆನಾಕ್ಕೆ ಲೋಹದ ವಸ್ತು ಏನಾದರೂ ಅಡ್ಡ ಇದ್ದರೆ ಸಿಗ್ನಲ್ ಹೋಗುವುದಿಲ್ಲ ಅಂತ ಆಫೀಸಿನ ಮೇಡಂ ಆ ಬೆಳಿಗ್ಗೆಯೇ ಅವಳಿಗೆ ಹೇಳಿದ್ದರು. ಅಳಲಿಲ್ಲ ಅವಳು. ಚಂದ್ರನಿಗೆ ಹೇಳಿದಳು, "ಇನ್ನೊಂದ್ ಸಲ ಹೇಳ್ ತಮ್ಮ. ಅಣ್ಣ ಸಮಾ ಕೇಳ್ಲಿ."

ಚಂದ್ರ ಮೊದಲಿಂದ ಕೊನೆವರೆಗೆ ಮತ್ತೆ ಹೇಳಿದ. ಮುಗಿಯುವ ಮೊದಲೇ ಸುಧಾಕರ ತಂಗಿಯ ಕಾಲ ಮೇಲೆ ಬಿದ್ದಿದ್ದ.

"ಕಾಲ್ ಬಿಡ್ ಅಣ್ಣ," ಜಲಜ ಅಂದಳು. "ನೀನ್ ಹೇಳಿದ್ದ್ ಅಂತ ಅವ್ರ್ ಸಾಯುವರೆಗೂ ಅದನ್ನ ಬಿಡ್ಲಿಲ್ಲೆ."

~

ಆಕಾಶದಿಂದ ನಮ್ಮನ್ನು ಕಾಯುವ ಕಣ್ಣನ್ನು ನಾವು ಮುಚ್ಚಬಹುದು... ಅದರ ಬೆಲೆ ತೆರುವವರು ನಮ್ಮನ್ನು ನಂಬಿದವರು.

ನಿಮ್ಮ ಲಾಭಕ್ಕಾಗಿ ನೀವು ಹೇಳಿದ ಯಾವ ಸಣ್ಣ ಸುಳ್ಳನ್ನು ನಿಮ್ಮ ಮನೆಯವರು ಇವತ್ತಿಗೂ ನಿಜ ಅಂತ ನಂಬಿಕೊಂಡಿದ್ದಾರೆ?