ಜನ ಓಡಿಬಂದ ರಾಗ

೨೦೧೮ರ ನವೆಂಬರ್ ೨೦, ಸಂಜೆ ಆರು ಗಂಟೆ ಇಪ್ಪತ್ತು ನಿಮಿಷ. ತೈವಾನಿನ ಒಂದು ಕೌಂಟಿಯ ಮುಖ್ಯಸ್ಥರು ಎರಡನೇ ಅವಧಿಗೆ ಮತ ಕೇಳಲು ತೆರೆದ ಲಾರಿ ಹತ್ತಿದರು. ಮತದಾನ ಹತ್ತಿರವಾಗಿತ್ತು. ಹಿಂದಿನ ವಾರವೆಲ್ಲ ಅವರ ಪ್ರಚಾರಗೀತೆಗೆ ಒಂದು ಕಿಟಕಿಯೂ ತೆರೆದಿರಲಿಲ್ಲ.

“ಜನ ಮನೆಯಿಂದ ಓಡಿ ಬರೋ ಅಂಥದ್ದು ಏನಾದ್ರೂ ಹಾಕಮ್ಮ!” ಎಂದು ಬೆಳಿಗ್ಗೆ ಸಹಾಯಕಿ ಶುಫೆನ್‌ಳನ್ನು ಗದರಿದ್ದರು.

ಲಾರಿ ಓಣಿಗೆ ತಿರುಗಿ ಹೊಸ ರಾಗ ಮೊಳಗಿದ್ದೇ ತಡ, ಬಾಗಿಲುಗಳು ತೆರೆದುಕೊಂಡವು. ಒಬ್ಬಾತ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿಬಂದ. ಎಲ್ಲರ ಕೈಯಲ್ಲೂ ಬಿಗಿಯಾಗಿ ಗಂಟು ಕಟ್ಟಿದ ಚೀಲಗಳಿದ್ದವು. ಇಷ್ಟು ವರ್ಷ ಆಳುಕಾಳುಗಳಿದ್ದ ಸರ್ಕಾರಿ ಬಂಗಲೆಯಲ್ಲಿ ಕಳೆದ ಮುಖ್ಯಸ್ಥರಿಗೆ ಆ ರಾಗದ ಪರಿಚಯವಿರಲಿಲ್ಲ. ಅವರ ಕಣ್ಣು ತುಂಬಿ ಬಂತು.

“ನೋಡಿದ್ಯಾ? ನನ್ನ ಕೆಲಸಕ್ಕೆ ಸಿಕ್ಕ ಬೆಲೆ ಇದು! ಆದ್ರೆ ಉಡುಗೊರೆ ಬೇಡ ಅನ್ನು. ಚುನಾವಣಾ ಆಯೋಗದವರು ಸುಮ್ನಿರಲ್ಲ.”

“ಬೇಡ ಅಂದ್ರೆ ಓಟು ಹೋಗುತ್ತೆ ಸರ್,” ಎಂದಳು ಪಕ್ಕದಲ್ಲಿದ್ದ ಶುಫೆನ್.

“ಹಾಗಾದ್ರೆ ಹಿಂದೆ ಇಡಿಸು. ನಾನು ಎರಡು ಮಾತಾಡ್ತೀನಿ.”

“ಭಾಷಣ ಆಮೇಲೆ ಮಾಡಪ್ಪ, ಮೊದಲು ಪಕ್ಕಕ್ಕೆ ಸರಿ,” ಎಂದು ಒಬ್ಬ ಅಜ್ಜಿ ಚೀಲವನ್ನು ಲಾರಿಯೊಳಕ್ಕೆ ಎಸೆದಳು. “ನಾಡಿದ್ದೂ ಬರ್ತೀಯಾ ತಾನೇ?”

“ಗೆದ್ದಮೇಲೂ ಬರ್ತೀನಮ್ಮ!” ಎಂದು ಮುಖ್ಯಸ್ಥರು ನಡು ಬಗ್ಗಿಸಿ ವಂದಿಸಿದರು.

ಅವರನ್ನು ಬಂಗಲೆಯಲ್ಲಿ ಇಳಿಸಿದ ಶುಫೆನ್, ಕಸದ ಗಾಡಿಯ ರಾಗವನ್ನು ನಿಲ್ಲಿಸಿ, ಲಾರಿಯನ್ನು ನೇರ ಕಸ ವಿಲೇವಾರಿ ಘಟಕಕ್ಕೆ ಒಯ್ದಳು. ಅಲ್ಲಿ ತೂಗಿದಾಗ ೭೪೦ ಕಿಲೋ ಬಂತು.