ತಮ್ಮಯ್ಯ ಕೊಟ್ಟ ಸದ್ದು

ಬೆಳಗೊಳದ ಏರಿನಲ್ಲಿ ಸದ್ದು ಮತ್ತೆ ಶುರುವಾಯಿತು. ಕುಂಯ್ ಎಂದು, ಸಣ್ಣಗೆ, ಬಿಡದೆ.

ಸಿದ್ದರಾಜು ಹಲ್ಲು ಕಚ್ಚಿ ಮೂರು ಚಕ್ರದ ಬೈಕನ್ನು ಪಕ್ಕಕ್ಕೆ ನಿಲ್ಲಿಸಿದ. ಚೆನ್ನಾಗಿ ಕೇಳಿಸಲೆಂದು ಹೆಲ್ಮೆಟ್ ತೆಗೆದು ಹಿಂದಿನ ಚಕ್ರಗಳತ್ತ ಬಗ್ಗಿದ. ಎಂಜಿನ್ನು ಗುಡುಗುಡು ಅನ್ನುತ್ತಲೇ ಇತ್ತು, ಕುಂಯ್ ಮಾತ್ರ ಮಾಯ. ಹದಿನೇಳು ದಿನದಿಂದ ಇದೇ ಗೋಳು. ಓಡಿದರೆ ಕೂಗುತ್ತದೆ, ನಿಂತು ನೋಡಿದರೆ ಸುಮ್ಮನಾಗುತ್ತದೆ. ಇದು ತಾನಾಗಿ ಬಂದ ದೋಷವಲ್ಲ, ಯಾರೋ ಬೇಕೆಂದೇ ಇಟ್ಟದ್ದು. ಆ ಯಾರೋ ಯಾರೆಂಬುದೂ ಅವನಿಗೆ ಗೊತ್ತಿತ್ತು.

ಸಿದ್ದರಾಜುವಿನ ಎಡಗಾಲು ಚಿಕ್ಕಂದಿನಲ್ಲೇ ಪೋಲಿಯೋದಿಂದ ಸೋತಿತ್ತು. ಕುಂಟನಿಗೆ ಎಂಟು ಚೇಷ್ಟೆ ಎಂಬ ಗಾದೆ ಕೇಳಿಯೇ ಅವನು ಅರವತ್ತು ದಾಟಿದ್ದ. ಈ ಬೈಕು ಬಂದ ಮೇಲೆ ಡೇರಿಗಾಗಲಿ ಗದ್ದೆಗಾಗಲಿ ಗಂಜಾಂನ ನಿಮಿಷಾಂಬ ಗುಡಿಗಾಗಲಿ ಯಾರನ್ನೂ ಕರೆದುಕೊಂಡು ಹೋಗಿ ಎಂದು ಅಂಗಲಾಚಿರಲಿಲ್ಲ. ಅದರ ಮೇಲೆ ಕೈ ಮಾಡುವುದೂ ಒಂದೇ, ಅವನ ಕಾಲು ಮುರಿಯುವುದೂ ಒಂದೇ.

ಕೈ ಮಾಡಿದವನು ಮೆಕ್ಯಾನಿಕ್ ತಮ್ಮಯ್ಯ. ಹದಿನೆಂಟು ವರ್ಷದಿಂದ ಅವನ ಶೆಡ್ಡು ನಿಂತಿದ್ದದ್ದು ಕೆ.ಆರ್.ಎಸ್. ರಸ್ತೆಯ ಮಗ್ಗುಲಿಗೆ, ಸಿದ್ದರಾಜುವಿನ ಜಾಗದಲ್ಲಿ, ಬರೀ ಬಾಯಿಮಾತಿನ ಮೇಲೆ. ಹೋದ ವರ್ಷ ಕರೆಂಟಿನ ಮೀಟರಿಗೆ ಬೇಕೆಂದು ಜಾಗದ ಬಗ್ಗೆ ಒಂದು ಕಾಗದ ಬರೆದುಕೊಡಲು ಕೇಳಿದ್ದ. ಸಿದ್ದರಾಜು ಆಗುವುದಿಲ್ಲ ಎಂದಿದ್ದ. ಆಗಲಿ ಬುಡಣ್ಣ ಎಂದು ತಮ್ಮಯ್ಯ ನಕ್ಕಿದ್ದ. ಆ ನಗು ಈಗ ಬೇರೆಯೇ ಬಣ್ಣದಲ್ಲಿ ಕಾಣತೊಡಗಿತು.

ಹದಿನೇಳು ದಿನದ ಹಿಂದೆ ಬೈಕಿಗೆ ಸರ್ವೀಸು ಮಾಡಿದವನು ಅವನೇ. ಆಯಿಲ್ಲು ಬದಲಿಸಿದ, ಚಕ್ರ ಬಿಚ್ಚಿ ಒರೆಸಿದ. ಅಲ್ಲಿಯವರೆಗೆ ಸಿದ್ದರಾಜು ತಲೆಗೆ ಟವೆಲ್ಲು ಸುತ್ತಿಕೊಂಡೇ ಓಡಾಡುತ್ತಿದ್ದ. ಚಕ್ರ ಮೂರಿದ್ದರೂ ತಲೆ ಒಂದೇ ಅಲ್ಲವೇನಣ್ಣ ಎಂದು ತಮ್ಮಯ್ಯ ಹೊಸ ಹೆಲ್ಮೆಟ್ಟೊಂದನ್ನು ಪುಕ್ಕಟೆ ಕೊಟ್ಟ. ಅವತ್ತಿಂದಲೇ ಈ ಸದ್ದು. ಮಾಡಿದ ಕಿತಾಪತಿ ಮುಚ್ಚಲು ಕೊಟ್ಟ ಲಂಚ ಎಂದು ಸಿದ್ದರಾಜುವಿಗೆ ಆಮೇಲೆ ಹೊಳೆಯಿತು.

ಅವನ ಕಿವಿಯನ್ನು ಅನುಮಾನಿಸುವಂತಿರಲಿಲ್ಲ. ಯುಗಾದಿಯ ಹೊತ್ತಿಗೆ ಮಗಳು ಸ್ನೇಹ ಮೈಸೂರಿಗೆ ಕರೆದೊಯ್ದು ಕಿವಿಗೆ ಮಿಷನ್ನು ಹಾಕಿಸಿದ ಮೇಲೆ ಹೆಂಡತಿ ಜಯಲಕ್ಷ್ಮಮ್ಮ ಒಲೆಯ ಮುಂದೆ ಗೊಣಗುವುದೂ ಅವನಿಗೆ ಕೇಳುತ್ತಿತ್ತು.

ತಮ್ಮಯ್ಯ ಬೈಕನ್ನು ಕೆ.ಆರ್.ಎಸ್. ತನಕ ಓಡಿಸಿ ಬಂದು, ಯಾವ ಸದ್ದೂ ಇಲ್ಲ ಎಂದಾಗ ಸಿದ್ದರಾಜುವಿಗೆ ಮೈಯೆಲ್ಲ ಉರಿಯಿತು.

"ನಂಗೇ ಕೇಳಿಸ್ತದೆ, ನಿಂಗೆ ಕೇಳಕಿಲ್ವೇನ್ಲಾ?"

ಸಿದ್ದರಾಜು ಬೈಕನ್ನು ಪಾಂಡವಪುರಕ್ಕೆ ಒಯ್ದ. ಅಲ್ಲಿನ ಮೆಕ್ಯಾನಿಕ್ಕು ಸದ್ದು ಕೇಳುವ ಗೋಜಿಗೂ ಹೋಗದೆ, ಮುಂಚೆ ಕೈ ಹಾಕಿದವನು ಬೇರಿಂಗ್ ಕೆಡಿಸಿದ್ದಾನೆ ಎಂದು ತೀರ್ಪು ಕೊಟ್ಟು ಹೊಸದು ಹಾಕಿದ. ಸಿದ್ದರಾಜು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ. ವಾಪಸ್ಸು ಹೊರಡುವಾಗ ಎಂದಿನಂತೆ ಎಂಜಿನ್ ಚಾಲೂ ಮಾಡಿದ, ಊರುಗೋಲನ್ನು ಕೊಕ್ಕೆಗೆ ಸಿಕ್ಕಿಸಿದ, ಕೊನೆಗೆ ಹೆಲ್ಮೆಟ್ ಹಾಕಿಕೊಂಡು ಗೇರು ಬದಲಿಸಿದ. ಕುಂಯ್.

ಮಾರನೆಯ ದಿನ ಎದುರು ಬದುರು ಕೇಳಿಯೇ ಬಿಡೋಣವೆಂದು ಶೆಡ್ಡಿಗೆ ಬಂದ. ಎದುರಿನ ಟೀ ಅಂಗಡಿಯಲ್ಲಿ ತಮ್ಮಯ್ಯ ಇವನಿಗೆ ಬೆನ್ನು ಹಾಕಿಕೊಂಡು ಅಂಗಡಿಯ ಚಿಕ್ಕಬೋರಮ್ಮನಿಗೆ ಏನೋ ಹೇಳುತ್ತಿದ್ದ.

"ಐಬು ಗಾಡೀಲಿಲ್ಲ ಕಣಕ್ಕ. ಅಂಗಂತ ಅವ್ರ ಮುಂದೆ ಯೋಳಕಾಯ್ತದಾ?"

ಮಿಷನ್ನು ಒಂದಕ್ಷರವನ್ನೂ ಬಿಡಲಿಲ್ಲ. ಐಬು ಗಾಡಿಯಲ್ಲಿಲ್ಲ. ಹಾಗಾದರೆ ಎಲ್ಲಿದೆ? ಸಿದ್ದರಾಜು ತನ್ನ ಎಡಗಾಲನ್ನು ನೋಡಿಕೊಂಡ. ಅರವತ್ತು ವರ್ಷ ಬೇರೆಯವರ ಬಾಯಲ್ಲಿ ಕೇಳಿದ್ದನ್ನು, ತನ್ನ ಜಾಗದಲ್ಲಿ ಬದುಕಿದವನ ಬಾಯಲ್ಲೂ ಕೇಳಿದ. ಅವತ್ತು ಅವನಿಗೆ ಅನ್ನ ಸೇರಲಿಲ್ಲ. ಸಂಜೆ ತಾನೇ ಹೋಗಿ ಹೇಳಿದ.

"ಜಾಗ ಖಾಲಿ ಮಾಡು. ಸೋಮ್ವಾರ ಜೆಸಿಬಿ ಬತ್ತದೆ."

ಜಯಲಕ್ಷ್ಮಮ್ಮ ಅತ್ತಳು, ಸ್ನೇಹ ಫೋನಿನಲ್ಲಿ ಜಗಳವಾಡಿದಳು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ಕೇಳಿದಳು. ಆ ಮೂಗೇ ತನಗೆ ಬೇಕಾದ್ದು ಎಂದ ಸಿದ್ದರಾಜು.

ಸೋಮವಾರ ಹತ್ತು ಗಂಟೆಗೆ ಜೆಸಿಬಿ ಬಂತು. ಸಿದ್ದರಾಜು ಬೈಕನ್ನು ಎದುರಿಗೆ ನಿಲ್ಲಿಸಿ, ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತ. ಚಿಕ್ಕಬೋರಮ್ಮ ಲೋಟ ಕುಕ್ಕಿ ಹೋದಳು. ತಗಡು ಮುದುಡಿತು, ಗೋಡೆ ಉರುಳಿತು, ಹದಿನೆಂಟು ವರ್ಷದ ಎಣ್ಣೆ ಕುಡಿದ ಕಪ್ಪು ನೆಲ ಬಿಸಿಲಿಗೆ ಬಿತ್ತು. ಸುಳ್ಳೇಕೆ, ಅವನಿಗೆ ಹಬ್ಬದ ಒಬ್ಬಟ್ಟು ತಿಂದಷ್ಟು ಸುಖವಾಯಿತು. ಒಂದೇ ಕೊರತೆ. ತಮ್ಮಯ್ಯ ಕಾಲಿಗೆ ಬೀಳಲಿ ಎಂದು ಕಾದಿದ್ದ, ಅವನು ಬೀಳಲಿಲ್ಲ. ಸ್ಪ್ಯಾನರುಗಳನ್ನು ಎರಡು ಗೋಣಿಚೀಲಕ್ಕೆ ತುಂಬಿ ಬೇಲಿಯ ಪಕ್ಕ ನಿಂತಿದ್ದ.

ಸಿದ್ದರಾಜು ಎದ್ದು ಬೈಕಿನ ಬಳಿಗೆ ಬಂದ. ಬೈಕು ಬಂದಾಗಿನ ಅಭ್ಯಾಸ ಬಿಡಬೇಕಲ್ಲ, ತಮ್ಮಯ್ಯ ತಾನಾಗಿ ಬಂದು ತೋಳು ಹಿಡಿದು ಹತ್ತಿಸಿದ. ಊರುಗೋಲನ್ನು ಕೊಕ್ಕೆಗೆ ಸಿಕ್ಕಿಸಿದ. ಕನ್ನಡಿಗೆ ನೇತುಹಾಕಿದ್ದ ಹೆಲ್ಮೆಟ್ಟನ್ನು ತೆಗೆದು, ತನ್ನ ಕೈಯಾರೆ ಅವನ ತಲೆಗೆ ಹಾಕಿ, ಗಲ್ಲದ ಪಟ್ಟಿ ಬಿಗಿದ.

"ಹುಸಾರಾಗಿ ಓಗಣ್ಣ."

ಕುಂಯ್.

ತಮ್ಮಯ್ಯನಿಗೂ ಕೇಳಿಸಿತು. ಅವನು ಮೆಲ್ಲನೆ ಪಟ್ಟಿ ಬಿಚ್ಚಿ, ಹೆಲ್ಮೆಟ್ಟನ್ನು ಕಿವಿಯ ಮಿಷನ್ನಿನ ಮೇಲಿನಿಂದ ಎತ್ತಿದ. ಸದ್ದು ನಿಂತಿತು. ಇಳಿಸಿದ. ಕುಂಯ್.

ಬೈಕಿನ ಕೀ ಇನ್ನೂ ಸಿದ್ದರಾಜುವಿನ ಜೇಬಿನಲ್ಲೇ ಇತ್ತು.