ಬಿಸಿಲಿಗಾಗಿ ಹಾವಿನಾಟ

ಗದಗಿನ ಜನ ನೆಲದಡಿಗೆ ಇಳಿದು ಬಾಳತೊಡಗಿದ ಮೇಲೆ, ಭಾನುವಾರದ ಹಾವಿನಾಟದಲ್ಲಿ ಗೆದ್ದವರಿಗಷ್ಟೇ ಮೇಲೆ ಹತ್ತಿ ಬಿಸಿಲಿಗೆ ಮೈಯೊಡ್ಡುವ ಪರವಾನಗಿ ಸಿಗುತ್ತಿತ್ತು; ಅವರು ಎತ್ತಿಕೊಂಡ ಕೂಸಿಗೆ ತಡೆಯಿರಲಿಲ್ಲ. ಓಣಿಯವರೆಲ್ಲ ಮೊಬೈಲಿನಲ್ಲಿ ಬ್ರೌಸರ್ ತೆರೆದು ಒಬ್ಬೊಬ್ಬರು ಒಂದೊಂದು ಹಾವನ್ನು ಆಡಿಸುತ್ತಿದ್ದರು; ಇನ್ನೊಂದು ಹಾವಿಗೋ ಸುತ್ತಲ ಗೋಡೆಗೋ ತಾಗಿದ್ದು ಸಾಯುತ್ತಿತ್ತು, ಕೊನೆಗೆ ಉಳಿದದ್ದು ಗೆಲ್ಲುತ್ತಿತ್ತು. ಬೇಗ ಬೆಳೆಯುವ ಆಸೆಗೆ ನಡುವೆ ನುಗ್ಗುವ ಹಾವು ಬೇಗ ಸಾಯುತ್ತದೆ, ಅಂಚು ಹಿಡಿದು ಸಣ್ಣಗೆ ಹರಿಯುತ್ತಿರಬೇಕು ಎಂಬುದು ಅದೇ ಓಣಿಯ ಕಸ್ತೂರಿಯ ಖಚಿತ ಅಭಿಪ್ರಾಯ. ಈ ಉಪಾಯವನ್ನು ಅವಳು ಪಕ್ಕದ ಮನೆಯ ಗೆಳತಿ ನೀಲವ್ವನಿಗೆ ಮಾತ್ರ ಕಲಿಸಿದ್ದಳು.

ಈ ವಾರ ಕಸ್ತೂರಿಗೆ ತನ್ನ ಹಸುಗೂಸಿಗೆ ಮೊದಲ ಸಲ ಸೂರ್ಯನನ್ನು ತೋರಿಸುವ ಆಸೆ. "ನಿನ್ನ ಹಾವಿಗೆ ನಾ ಅಡ್ಡ ಬರೂದಿಲ್ಲಕ್ಕ," ಎಂದು ನೀಲವ್ವ ಕೂಸಿನ ತಲೆ ಮುಟ್ಟಿ ಮಾತು ಕೊಟ್ಟಿದ್ದಳು. ಕೊನೆಗೆ ಅವರಿಬ್ಬರ ಹಾವುಗಳೇ ಉಳಿದವು. ಕಸ್ತೂರಿ ನಿಶ್ಚಿಂತೆಯಿಂದ ಅಂಚಿನಲ್ಲಿ ಹೋಗುತ್ತಿದ್ದಾಗ ನೀಲವ್ವನ ಹಾವು ಗಕ್ಕನೆ ತಿರುಗಿ, ಅವಳ ಹಾವನ್ನು ಗೋಡೆಗೆ ಒತ್ತಿ ಕೊಂದಿತು.

ಸ್ವಲ್ಪ ಹೊತ್ತಿಗೆ ನೀಲವ್ವ ಬಾಗಿಲಿಗೆ ಬಂದಳು.

"ನಾನೂ ಬಿಸಿಲು ಕಂಡು ವರ್ಷಾತಕ್ಕ, ತಡಕೊಳ್ಳಾಕ ಆಗಲಿಲ್ಲ. ಕೂಸಿನ್ನ ಕೊಡು, ನಾನ ತೋರಿಸಿಕೊಂಡು ಬರ್ತೀನಿ."

ಕಸ್ತೂರಿಗೆ ಬಾಗಿಲು ಹಾಕಿಬಿಡಬೇಕೆನ್ನಿಸಿತು. ಆದರೂ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಅವಳ ಕೈಗಿತ್ತಳು.

"ಕಣ್ಣಿಗೆ ಬಿಸಿಲು ಹೊಡೀದಂಗ ನೋಡ್ಕೊ. ತಂದು ಕೊಟ್ಟ ಮ್ಯಾಲೆ ಮತ್ತ ನಮ್ಮ ಹೊಸ್ತಿಲಾ ತುಳೀಬ್ಯಾಡ."